ನೀರಿಗಿಳಿಯುವ ಕ್ಯಾಮೆರಾ ಯಾವುದಿರಲಿ? ಮೊದಲು ನಿಮ್ಮ ಕೈ ಬಿಡುವಿದೆಯೇ ನೋಡಿಕೊಳ್ಳಿ

ವಾಟರ್‌ಪ್ರೂಫ್ ಕ್ಯಾಮೆರಾ ಹುಡುಕಲು ಕೂತವರು ಮೊದಲು ನೋಡುವುದು ಡಬ್ಬಿಯ ಮೇಲಿನ ಮೀಟರ್ ಲೆಕ್ಕ. ಒಂದರ ಮೇಲೆ 10 ಮೀಟರ್, ಇನ್ನೊಂದರ ಮೇಲೆ 15, ಮತ್ತೊಂದರ ಮೇಲೆ 20. ಹೆಚ್ಚಿದ್ದದ್ದೇ ಒಳ್ಳೆಯದಿರಬೇಕು ಅಂತ ಮನಸ್ಸು ಅಲ್ಲೇ ತೀರ್ಮಾನ ಮಾಡಿಬಿಡುತ್ತದೆ. ಆದರೆ ಕಾಳಿ ನದಿಯ ರಾಫ್ಟಿನಲ್ಲಿ ಕೂತವರು ಇರುವುದು ನೀರಿನ ಮೇಲೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮೊದಲ ಸಲ ಸ್ಕೂಬಾ ಮಾಡುವವರು ಹೋದರೆ 12 ಮೀಟರ್ ಆಳಕ್ಕೆ ಹೋದಾರು, ಅದಕ್ಕಿಂತ ಕೆಳಗೆ ಬೋಧಕರು ಕರೆದೊಯ್ಯುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಪ್ರವಾಸಕ್ಕೆ ಇವತ್ತು ಸಿಗುವ ಬಹುತೇಕ ಕ್ಯಾಮೆರಾಗಳ ಆಳ ಸಾಕು.

ಹಾಗಾದರೆ ಆಯ್ಕೆ ನಿಂತಿರುವುದು ಯಾವುದರ ಮೇಲೆ? ನೀರಿನಲ್ಲಿರುವಾಗ ನಿಮ್ಮ ಎರಡು ಕೈ ಏನು ಮಾಡುತ್ತಿರುತ್ತವೆ ಅನ್ನುವುದರ ಮೇಲೆ. ಹುಟ್ಟು ಹಿಡಿದಿದ್ದರೆ ಒಂದು ಬಗೆಯ ಕ್ಯಾಮೆರಾ, ಕೈ ಬಿಡುವಾಗಿ ತೇಲುತ್ತಿದ್ದರೆ ಇನ್ನೊಂದು ಬಗೆ, ದಡದಲ್ಲೋ ಬೋಟಿನಲ್ಲೋ ಕೂತಿದ್ದರೆ ಹೊಸದನ್ನು ಕೊಳ್ಳುವ ಅಗತ್ಯವೇ ಇರಲಿಕ್ಕಿಲ್ಲ. ಈ ಪ್ರಶ್ನೆ ಕೇಳಿಕೊಳ್ಳದೆ ಕೊಂಡ ಒಳ್ಳೊಳ್ಳೆಯ ಕ್ಯಾಮೆರಾಗಳು ಬ್ಯಾಗಿನಿಂದ ಹೊರಗೇ ಬರದೆ ಮನೆಗೆ ವಾಪಸಾಗುತ್ತವೆ.

ಹುಟ್ಟು ಹಿಡಿದವರಿಗೆ

ದಾಂಡೇಲಿ ಕಡೆಯ ರಾಫ್ಟಿಂಗ್ ನಡೆಯುವುದು ಗಣೇಶಗುಡಿಯ ಹತ್ತಿರ, ಸೂಪಾ ಅಣೆಕಟ್ಟಿನ ಕೆಳಗೆ. ಅಣೆಕಟ್ಟಿನಿಂದ ನೀರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ರಾಪಿಡ್, ಅಂದರೆ ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಜಾಗ, ಹತ್ತಿರವಾಗುತ್ತಿದ್ದಂತೆ ಗೈಡ್ "ಫಾರ್ವರ್ಡ್" ಅಂತ ಕೂಗುತ್ತಾನೆ. ಆ ಹೊತ್ತಿಗೆ ಎಲ್ಲರ ಎರಡೂ ಕೈ ಹುಟ್ಟಿನ ಮೇಲಿರಬೇಕು. ಒಬ್ಬರು ಕ್ಯಾಮೆರಾ ಹಿಡಿದು ಕೂತರೆ ಆ ಬದಿಯ ಬಲ ಕಡಿಮೆಯಾಗಿ ರಾಫ್ಟ್ ಅಡ್ಡ ತಿರುಗುತ್ತದೆ. ಕೊಡಗಿನ ಬರಪೊಳೆಯಲ್ಲಿ ಮಳೆಗಾಲದ ನೀರು ಇನ್ನೂ ಜೋರು, ಅಲ್ಲಿ ಕೈಯಲ್ಲಿ ಕ್ಯಾಮೆರಾ ಹಿಡಿಯುವ ಮಾತೇ ಇಲ್ಲ.

ಇಲ್ಲಿಗೆ ಬೇಕಾದದ್ದು ಆ್ಯಕ್ಷನ್ ಕ್ಯಾಮೆರಾ, ಅಂದರೆ ಮೈಗೋ ರಾಫ್ಟಿಗೋ ಸಿಕ್ಕಿಸುವ ಪುಟ್ಟ ಕ್ಯಾಮೆರಾ. ಒಮ್ಮೆ ಸಿಕ್ಕಿಸಿ ಗುಂಡಿ ಒತ್ತಿದರೆ ಮತ್ತೆ ಅದರ ನೆನಪೇ ಬೇಕಿಲ್ಲ. ಇಲ್ಲಿ ಹೋಲಿಸುವುದು 2024ರ ಸೆಪ್ಟೆಂಬರಿನಲ್ಲಿ ಬಂದ ಎರಡು ಕ್ಯಾಮೆರಾಗಳನ್ನು: ಗೋಪ್ರೊ ಹೀರೋ 13 ಬ್ಲ್ಯಾಕ್ ಮತ್ತು ಡಿಜೆಐ ಓಸ್ಮೊ ಆ್ಯಕ್ಷನ್ 5 ಪ್ರೊ. ಮೊದಲನೆಯದು ನೀರು ತಡೆಯುವ ಹೊರಕವಚವಿಲ್ಲದೆ 10 ಮೀಟರ್ ತಡೆಯುತ್ತದೆ, ಎರಡನೆಯದು 20. ರಾಫ್ಟಿಂಗಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವುದು ಬ್ಯಾಟರಿ.

ಕಾರಣ ಹೇಳುತ್ತೇನೆ. ಆ್ಯಕ್ಷನ್ ಕ್ಯಾಮೆರಾ ನೀರು ತಡೆಯುವುದು ಅದರ ಪುಟ್ಟ ಬಾಗಿಲು ಮುಚ್ಚಿರುವವರೆಗೆ. ನಡುದಾರಿಯಲ್ಲಿ ಬ್ಯಾಟರಿ ಮುಗಿದರೆ ಒದ್ದೆ ಕೈಯಲ್ಲಿ, ಅಲುಗಾಡುವ ರಾಫ್ಟಿನಲ್ಲಿ ಆ ಬಾಗಿಲು ತೆರೆಯಬೇಕು. ಒಂದು ಹನಿ ಒಳಗೆ ಹೋದರೂ ಸಾಕು. ಹಾಗಾಗಿ ಹೊರಟಲ್ಲಿಂದ ಇಳಿಯುವವರೆಗೆ ಒಂದೇ ಬ್ಯಾಟರಿಯಲ್ಲಿ ಮುಗಿಯಬೇಕು. ಡಿಜೆಐ ತನ್ನ 1950 ಎಂಎಎಚ್ ಬ್ಯಾಟರಿಗೆ 4 ಗಂಟೆ ಅನ್ನುತ್ತದೆ. ಅದು ಪರದೆ ಆರಿಸಿ, 1080ಪಿಯಲ್ಲಿ, ಸೆಕೆಂಡಿಗೆ 24 ಫ್ರೇಮಿನಂತೆ ತೆಗೆದಾಗಿನ ಲೆಕ್ಕ. ಅದಕ್ಕಿಂತ ಸ್ಫುಟವಾದ 4ಕೆ ವಿಡಿಯೊದಲ್ಲಿ ಕಡಿಮೆಯಾಗುತ್ತದೆ, ಆದರೂ ಗೋಪ್ರೊದ 1900 ಎಂಎಎಚ್ ಬ್ಯಾಟರಿಗಿಂತ ಮುಂದೆ ಬರುತ್ತದೆ. ಜೊತೆಗೆ ಡಿಜೆಐನ ಒಳಗೇ 47 ಜಿಬಿ ಜಾಗವಿದೆ, ಕಾರ್ಡ್ ಕೈಕೊಟ್ಟರೆ ಅದರಲ್ಲೇ ರೆಕಾರ್ಡ್ ಮಾಡಬಹುದು. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ವಿಡಿಯೊ ತೆಗೆದರೆ ಗಂಟೆಗೆ ಸುಮಾರು 45 ಜಿಬಿ ತುಂಬುತ್ತದೆ ಅನ್ನುವುದು ನೆನಪಿರಲಿ. 64 ಜಿಬಿ ಕಾರ್ಡ್ ಹಾಕಿಕೊಂಡು ಹೊರಟವರಿಗೆ ಕೊನೆಯ ರಾಪಿಡ್ ಸಿಗುವುದಿಲ್ಲ.

ಡಿಜೆಐ ಪರವಾಗಿ ಇನ್ನೊಂದು ಮಾತು. ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, 1/1.3 ಇಂಚಿನದು, ಗೋಪ್ರೊದ್ದು ಅದಕ್ಕಿಂತ ಚಿಕ್ಕದು, 1/1.9 ಇಂಚು. ಜುಲೈ ತಿಂಗಳ ಕೊಡಗಿನಲ್ಲಿ ಮೋಡ ಮುಸುಕಿ, ಮೇಲೆ ಮರ ಕವಿದು, ಮಧ್ಯಾಹ್ನವೂ ಸಂಜೆಯಂತಿರುತ್ತದೆ. ಅಂಥ ಬೆಳಕಿನಲ್ಲಿ ಸಣ್ಣ ಸೆನ್ಸರಿನ ವಿಡಿಯೊ ತರಿತರಿಯಾಗುತ್ತದೆ. ಬಿಸಿಲಿರುವ ಡಿಸೆಂಬರಿನ ದಾಂಡೇಲಿಗಾದರೆ ಎರಡರ ನಡುವೆ ಅಷ್ಟೇನೂ ಅಂತರ ಕಾಣದು. ಗೋಪ್ರೊ ಮುಂದಿರುವುದು ಸಿಕ್ಕಿಸುವ ಸಾಮಾನಿನಲ್ಲಿ ಮತ್ತು ಬದಲಿಸಬಹುದಾದ ಲೆನ್ಸ್‌ಗಳಲ್ಲಿ. ಅದರ ಮೌಂಟುಗಳು ಊರೂರಿನ ಅಂಗಡಿಯಲ್ಲಿ ಸಿಗುತ್ತವೆ, ಗೆಳೆಯರ ಹತ್ತಿರವೂ ಇರುತ್ತವೆ. ಅಲುಗಾಟ ತಡೆಯುವುದರಲ್ಲಿ ಎರಡೂ ಸೊಗಸು. ಅಮೆರಿಕದಲ್ಲಿ ಬಿಡುಗಡೆಯಾದಾಗ ಗೋಪ್ರೊ 400 ಡಾಲರ್, ಡಿಜೆಐ 350 ಡಾಲರ್ ಇತ್ತು. ಇಲ್ಲಿ ಹಬ್ಬದ ಸೇಲಿನಲ್ಲಿ ಬೆಲೆ ಏರುಪೇರಾಗುತ್ತಲೇ ಇರುತ್ತದೆ. ಕೊಳ್ಳುವ ಮೊದಲು ರಿಪೇರಿಗೆ ನಿಮ್ಮ ಊರಿನಲ್ಲಿ ವ್ಯವಸ್ಥೆ ಇದೆಯೇ, ವಾರಂಟಿ ಭಾರತದ್ದೇ ಹೌದೇ ಅಂತ ಕೇಳಿಕೊಳ್ಳಿ.

ಗೋಪ್ರೊದ್ದೇ ಇನ್ನೊಂದು ಪುಟಾಣಿ ಇದೆ, ಹೆಸರು ಬರೀ "ಹೀರೋ". 86 ಗ್ರಾಂ ತೂಕ, 5 ಮೀಟರ್ ಆಳ, ಬೆಲೆ ಅರ್ಧ. ಬ್ಯಾಟರಿ ಬದಲಿಸಲು ಬರುವುದಿಲ್ಲ. ಕಾಯಾಕಿಂಗಿಗೆ, ಹೊನ್ನಾವರದ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ನಿಧಾನವಾಗಿ ಹುಟ್ಟು ಹಾಕುತ್ತ ಹೋಗುವವರಿಗೆ ಅದು ಧಾರಾಳ ಸಾಕು.

ಎಲ್ಲಿ ಸಿಕ್ಕಿಸಬೇಕು ಅನ್ನುವುದು ಯಾವ ಕ್ಯಾಮೆರಾ ಅನ್ನುವಷ್ಟೇ ಮುಖ್ಯ. ಹೆಲ್ಮೆಟ್ ಮೇಲೆ ಹಾಕಿದರೆ ವಿಡಿಯೊ ಚೆಂದ ಬರುತ್ತದೆ, ಆದರೆ ರಾಫ್ಟ್ ಮಗುಚಿದಾಗ ಅದು ಹಗ್ಗಕ್ಕೋ ಕೊಂಬೆಗೋ ಸಿಕ್ಕಿಕೊಳ್ಳುವ ಅಪಾಯವಿದೆ. ಜೋರು ನೀರಿನಲ್ಲಿ ಅನೇಕ ಗೈಡ್‌ಗಳು ಬೇಡವೆನ್ನುತ್ತಾರೆ, ಅವರ ಮಾತು ಕೇಳಿ. ಕೈಗೆ ಉದ್ದ ದಾರ ಕಟ್ಟಿಕೊಳ್ಳುವುದೂ ಅಷ್ಟೇ ಅಪಾಯ. ಲೈಫ್ ಜಾಕೆಟ್ಟಿನ ಭುಜದ ಪಟ್ಟಿಗೆ ಗಟ್ಟಿ ಕ್ಲಿಪ್ ಹಾಕುವುದು ವಾಸಿ. ಗೈಡ್ ಒಪ್ಪಿದರೆ ನನಗೆ ಎಲ್ಲಕ್ಕಿಂತ ಇಷ್ಟವಾಗುವ ಜಾಗ ರಾಫ್ಟಿನ ಮೂತಿ, ಲೆನ್ಸ್ ಹಿಂದಕ್ಕೆ ತಿರುಗಿಸಿ. ಅಗಲ ಲೆನ್ಸಿನಲ್ಲಿ ಎದುರಿನ ಅಲೆ ಯಾವಾಗಲೂ ಚಿಕ್ಕದಾಗಿ ಕಾಣುತ್ತದೆ. ಅದೇ ಅಲೆ ಬಡಿದಾಗ ಅಕ್ಕ, ಬಾವ, ಗೆಳೆಯರ ಮುಖದಲ್ಲಿ ಆಗುವ ಬದಲಾವಣೆ ಅದರ ಗಾತ್ರವನ್ನು ಸರಿಯಾಗಿ ಹೇಳುತ್ತದೆ.

ಲೆನ್ಸಿನ ಮೇಲೆ ಕೂತ ಒಂದು ದಪ್ಪ ಹನಿ ಇಡೀ ವಿಡಿಯೊ ಕೆಡಿಸುತ್ತದೆ. ಸರ್ಫಿಂಗ್ ಮಾಡುವವರ ಉಪಾಯ ಇದಕ್ಕೆ ಬಲು ಸುಲಭ: ನೀರಿಗಿಳಿಯುವ ಮುಂಚೆ ಲೆನ್ಸಿಗೆ ಒಂದಿಷ್ಟು ಉಗುಳು ಸವರಿ, ಒಮ್ಮೆ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಆಮೇಲೆ ಬಿದ್ದ ನೀರು ಹನಿಗಟ್ಟದೆ ತೆಳ್ಳಗೆ ಹರಡಿ ಇಳಿದುಹೋಗುತ್ತದೆ.

ಸರ್ಫಿಂಗ್ ವಿಷಯ ಬಂದದ್ದಕ್ಕೆ ಒಂದು ಮಾತು. ಮೂಲ್ಕಿಯಲ್ಲೋ ಸಸಿಹಿತ್ಲಿನಲ್ಲೋ ಮೊದಲ ಪಾಠಕ್ಕೆ ಹೋಗುವವರು ಕ್ಯಾಮೆರಾ ತಮ್ಮ ಮೈಮೇಲೆ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಬಾಯಲ್ಲಿ ಕಚ್ಚಿ ಹಿಡಿಯುವ ಮೌಂಟ್ ಹಲ್ಲಿಗೆ ಏಟು ಕೊಡುತ್ತದೆ, ಕಲಿಯುವವರ ಮೆತ್ತನೆ ಬೋರ್ಡಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ದಡದಲ್ಲಿರುವವರ ಕೈಗೆ ಜೂಮ್ ಇರುವ ಸಾದಾ ಕ್ಯಾಮೆರಾ ಕೊಡಿ.

ಕೈ ಬಿಡುವಾಗಿ ತೇಲುವವರಿಗೆ

ಸ್ನಾರ್ಕ್ಲಿಂಗಿನಲ್ಲಿ ಕೈಗೆ ಕೆಲಸ ಕಡಿಮೆ. ಮುಖ ಕೆಳಗೆ ಮಾಡಿ ತೇಲುತ್ತೀರಿ, ಮೀನು ತಾನಾಗಿ ಬರುತ್ತದೆ, ಕಾದು ಕ್ಲಿಕ್ಕಿಸಬಹುದು. ಇಲ್ಲಿ ಆ್ಯಕ್ಷನ್ ಕ್ಯಾಮೆರಾದ ಅಗಲ ನೋಟ ನಮಗೇ ತಿರುಗಿಬೀಳುತ್ತದೆ: ಕಣ್ಣಿಗೆ ಅಂಗೈ ಅಗಲ ಕಂಡ ಚಿಟ್ಟೆಮೀನು ಚಿತ್ರದಲ್ಲಿ ಚುಕ್ಕೆಯಾಗಿರುತ್ತದೆ.

ಇಲ್ಲಿಗೆ ನನ್ನ ಆಯ್ಕೆ ಓಎಂ ಸಿಸ್ಟಮ್‌ನ ಟಫ್ ಟಿಜಿ-7. ಹಿಂದೆ ಒಲಿಂಪಸ್ ಹೆಸರಿನಲ್ಲಿ ಬರುತ್ತಿದ್ದ ಸಾಲಿನ 2023ರ ಮಾದರಿ ಇದು. 15 ಮೀಟರ್ ಆಳ, 2.1 ಮೀಟರ್ ಎತ್ತರದಿಂದ ಬಿದ್ದರೂ ತಾಳುವ ಮೈ, 249 ಗ್ರಾಂ ತೂಕ, 12 ಮೆಗಾಪಿಕ್ಸೆಲ್. ಈಗಿನ ಮೊಬೈಲುಗಳ 50, 200 ಮೆಗಾಪಿಕ್ಸೆಲ್ ನೋಡಿದವರಿಗೆ 12 ಕಡಿಮೆ ಅನ್ನಿಸಬಹುದು. ನೀರಿನ ಕೆಳಗೆ ಮೆಗಾಪಿಕ್ಸೆಲ್ ಕೊರತೆ ಕಾಡುವುದಿಲ್ಲ, ಬೆಳಕಿನ ಕೊರತೆ ಕಾಡುತ್ತದೆ. ಇದರ ಲೆನ್ಸ್ ಎಫ್2 ವರೆಗೆ ತೆರೆಯುತ್ತದೆ, ಅಂದರೆ ಬೆಳಕನ್ನು ಹೆಚ್ಚು ಒಳಬಿಡುತ್ತದೆ, ಈ ಬಗೆಯ ಗಟ್ಟಿಮುಟ್ಟು ಕ್ಯಾಮೆರಾಗಳಲ್ಲಿ ಅದು ದೊಡ್ಡ ಅನುಕೂಲ. ನಾಲ್ಕು ಪಟ್ಟು ಜೂಮ್ ಇದೆ, ಆದರೆ ಲೆನ್ಸ್ ಮೈಯೊಳಗೇ ಸರಿಯುತ್ತದೆ, ಹೊರಗೆ ಚಾಚುವುದಿಲ್ಲ. ರಾ ಫೈಲ್ ಕೊಡುತ್ತದೆ, ಅಂದರೆ ನೀಲಿಗಟ್ಟಿದ ಚಿತ್ರದ ಬಣ್ಣವನ್ನು ಮನೆಗೆ ಬಂದ ಮೇಲೂ ತಿದ್ದಬಹುದು. ಎಲ್ಲಕ್ಕಿಂತ ಮಿಗಿಲಾದದ್ದು ಲೆನ್ಸಿನಿಂದ ಒಂದೇ ಸೆಂಟಿಮೀಟರ್ ದೂರದ ವಸ್ತುವನ್ನೂ ಹಿಡಿಯುವ ಮೈಕ್ರೋಸ್ಕೋಪ್ ಮೋಡ್. ಬಂಡೆಗೆ ಅಂಟಿದ ಪುಟ್ಟ ಜೀವಿಗಳ ಲೋಕ ಅದರಲ್ಲಿ ತೆರೆದುಕೊಳ್ಳುತ್ತದೆ. ಮೊಬೈಲಾಗಲಿ, ಆ್ಯಕ್ಷನ್ ಕ್ಯಾಮೆರಾವಾಗಲಿ ಅಲ್ಲಿಗೆ ಹೋಗಲಾರವು.

ನೀರಿನ ಕೆಳಗಿನ ಬಣ್ಣದ ವಿಷಯ ಸ್ವಲ್ಪ ನಿಂತು ನೋಡಬೇಕು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮಾಯ, ಇನ್ನೂ ಕೆಳಗೆ ಕಿತ್ತಳೆ, ಆಮೇಲೆ ಹಳದಿ. ಹಾಗಾಗಿ ನೇತ್ರಾಣಿಯ ಚಿತ್ರಗಳೆಲ್ಲ ನೀಲಿ-ಹಸಿರಾಗಿ ಬಂದರೆ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳಬೇಡಿ. ದಾರಿ ಎರಡು: ಇದ್ದ ಬೆಳಕನ್ನೇ ತಿದ್ದುವುದು, ಇಲ್ಲವೇ ನಮ್ಮದೇ ಬೆಳಕು ಒಯ್ಯುವುದು. ಟಿಜಿ-7ರಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಆಳಕ್ಕೆ ಬೇರೆಬೇರೆ ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣ ಸರಿದೂಗಿಸುವ ಹೊಂದಿಕೆ, ಇಟ್ಟಿದ್ದಾರೆ. ಆ್ಯಕ್ಷನ್ ಕ್ಯಾಮೆರಾಗೆ ಕೆಂಪು ಫಿಲ್ಟರ್ ಸಿಗುತ್ತದೆ. ಅದು ಐದು ಮೀಟರಿನಿಂದ ಕೆಳಗೆ ಕೆಲಸಕ್ಕೆ ಬರುತ್ತದೆ, ಮೇಲ್ಮಟ್ಟದಲ್ಲಿ ಹಾಕಿದರೆ ಎಲ್ಲವೂ ಕುಂಕುಮ ಚೆಲ್ಲಿದಂತಾಗುತ್ತದೆ. ನದಿಯ ಹಸಿರು ನೀರಿಗೆ ಕೆಂಪಿನ ಬದಲು ಮೆಜೆಂತಾ (ನೇರಳೆಗೆಂಪು) ಫಿಲ್ಟರ್ ಬೇಕು.

ಫ್ಲ್ಯಾಶ್ ಒಂದು ಮೀಟರಿನೊಳಗಿನ ವಸ್ತುವಿಗೆ ಮಾತ್ರ. ದೂರದ ಮೀನಿಗೆ ಫ್ಲ್ಯಾಶ್ ಹಾಕಿದರೆ ನಡುವೆ ತೇಲುವ ಕಣಗಳೆಲ್ಲ ಬೆಳಗಿ, ಚಿತ್ರದ ತುಂಬ ಬಿಳಿ ಚುಕ್ಕೆ. ಇದಕ್ಕೆ ಯಾವ ದುಬಾರಿ ಕ್ಯಾಮೆರಾವೂ ಪರಿಹಾರವಲ್ಲ, ಹತ್ತಿರ ಹೋಗುವುದೇ ಪರಿಹಾರ. ಇನ್ನೂ ಒಂದು: ನೀರಿನೊಳಗೆ ವಸ್ತುಗಳು ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರವಿದ್ದಂತೆ ಕಾಣುತ್ತವೆ. ನಿಮ್ಮ ಮಾಸ್ಕಿಗೂ ಅದೇ ಭ್ರಮೆ, ಕ್ಯಾಮೆರಾಗೂ ಅದೇ. ಹತ್ತಿರ ಬಂದೆ ಅನ್ನಿಸಿದ ಮೇಲೂ ಇನ್ನಷ್ಟು ಸರಿಯಿರಿ. ಹವಳ, ಬಂಡೆಗೆ ಕೈ ಕಾಲು ತಾಗಿಸಬೇಡಿ.

ಬಜೆಟ್ ಕಡಿಮೆಯಿದ್ದರೆ ಪೆಂಟ್ಯಾಕ್ಸ್ ಡಬ್ಲ್ಯುಜಿ-90 ನೋಡಬಹುದು. 14 ಮೀಟರ್ ಆಳ, 16 ಮೆಗಾಪಿಕ್ಸೆಲ್, ಲೆನ್ಸಿನ ಸುತ್ತ ಆರು ಎಲ್‌ಇಡಿ ದೀಪ. ವಿಡಿಯೊ 1080ಪಿ ಮಾತ್ರ, ರಾ ಫೈಲ್ ಇಲ್ಲ. ಮಕ್ಕಳ ಕೈಗೆ ಕೊಡಲು, ಈಜುಕೊಳಕ್ಕೆ, ಬೀಚಿಗೆ ಒಳ್ಳೆಯದು. ಬಣ್ಣ ತಿದ್ದಬೇಕು ಅನ್ನುವವರಿಗೆ ಸಾಲದು.

ಇನ್ನು ಸ್ಕೂಬಾ. ಮೊದಲ ಡೈವ್‌ಗೆ ಹೋಗುತ್ತಿರುವವರು ಕ್ಯಾಮೆರಾ ಕೊಳ್ಳಲೇಬೇಡಿ ಅಂತ ಕಳಕಳಿಯಿಂದ ಹೇಳುತ್ತೇನೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಬೋಟಿನಲ್ಲಿ ಹೋಗಿ, ಮೊದಲ ಬಾರಿ ನೀರಿನ ಕೆಳಗೆ ಉಸಿರಾಡುವಾಗ ಗಮನ ಪೂರ್ತಿ ಉಸಿರಿನ ಮೇಲೆ, ಕಿವಿಯ ಒತ್ತಡದ ಮೇಲೆ, ಬೋಧಕರ ಸನ್ನೆಯ ಮೇಲೆ ಇರಬೇಕು. ಸಾಮಾನ್ಯವಾಗಿ ಬೋಧಕರ ಕಡೆಯವರೇ ಫೋಟೊ, ವಿಡಿಯೊ ತೆಗೆದುಕೊಡುತ್ತಾರೆ. ಸ್ಕೂಬಾದ ಆರಂಭಿಕ ತರಬೇತಿಯಾದ ಓಪನ್ ವಾಟರ್ ಕೋರ್ಸ್ ಮುಗಿಸಿ 18 ಮೀಟರ್ ಇಳಿಯುವ ಅರ್ಹತೆ ಪಡೆದ ಮೇಲೆ ಆಳದ ಅಂಕಿಗೆ ನಿಜವಾದ ಬೆಲೆ ಬರುತ್ತದೆ. ಆಗ ಗೋಪ್ರೊಗೆ 60 ಮೀಟರಿನ ಕವಚ, ಟಿಜಿ-7ಕ್ಕೆ 45 ಮೀಟರಿನ ಕವಚ ಹಾಕಲೇಬೇಕು. 20 ಮೀಟರ್ ಅಂದ ಡಿಜೆಐಗೂ ಅಂಚಿನಲ್ಲಿ ಆಡುವುದಕ್ಕಿಂತ ಕವಚ ಹಾಕುವುದೇ ಸರಿ.

ಫೋನ್ ಸಾಲದೇ?

ಹಲವರಿಗೆ ಸಾಲುತ್ತದೆ, ಆದರೆ ನೀರಿಗಿಳಿಸದೆ. ಫೋನ್ ಎಷ್ಟು ನೀರು, ದೂಳು ತಡೆಯುತ್ತದೆ ಅಂತ ಹೇಳುವ ಐಪಿ68 ಅನ್ನುವ ಗುರುತು ಕೊಡುವ ಪರೀಕ್ಷೆ ನಡೆಯುವುದು ಅಲುಗಾಡದ ಸಿಹಿನೀರಿನಲ್ಲಿ. ಐಫೋನ್ 12ರಿಂದ ಈಚಿನ ಬಹುತೇಕ ಮಾದರಿಗಳಿಗೆ 6 ಮೀಟರ್, 30 ನಿಮಿಷ ಅನ್ನುತ್ತಾರೆ, ಸ್ಯಾಮ್‌ಸಂಗ್ 1.5 ಮೀಟರ್ ಅನ್ನುತ್ತದೆ. ಅದೇ ಆ್ಯಪಲ್ ತನ್ನ ಫೋನಿನೊಂದಿಗೆ ಈಜಬೇಡಿ, ಸರ್ಫಿಂಗಿಗೆ, ಜೆಟ್‌ಸ್ಕೀಗೆ ಒಯ್ಯಬೇಡಿ ಅಂತಲೂ ಬರೆದಿದೆ. ಸ್ಯಾಮ್‌ಸಂಗ್ ಬೀಚಿಗೂ ಈಜುಕೊಳಕ್ಕೂ ಬೇಡ ಅನ್ನುತ್ತದೆ. ನೀರು ಹೊಕ್ಕು ಕೆಟ್ಟರೆ ವಾರಂಟಿ ಅನ್ವಯಿಸುವುದಿಲ್ಲ.

ಕೊರಳಿಗೆ ಹಾಕುವ ಪ್ಲಾಸ್ಟಿಕ್ ಪೌಚ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೋಟಿನ ಎರಚಲಿಗೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬರುವುದಕ್ಕೆ, ಹರಿಗೋಲಿನಲ್ಲಿ ಕೂರುವುದಕ್ಕೆ ಚೆನ್ನಾಗಿದೆ. ನೀರಿನ ಕೆಳಗೆ ಮಾತ್ರ ಟಚ್‌ಸ್ಕ್ರೀನ್ ನಿಮ್ಮ ಬೆರಳು ಯಾವುದು, ನೀರು ಯಾವುದು ಅಂತ ತಿಳಿಯದೆ ತನಗೆ ತೋಚಿದಂತೆ ನಡೆದುಕೊಳ್ಳುತ್ತದೆ. ವಾಲ್ಯೂಮ್ ಗುಂಡಿಯಿಂದ ಫೋಟೊ ತೆಗೆಯುವಂತೆ ಮೊದಲೇ ಹೊಂದಿಸಿಕೊಳ್ಳಿ. ಪೌಚಿನೊಳಗೆ ಫೋನ್ ಬದಲು ಟಿಶ್ಯೂ ಕಾಗದ ಮಡಚಿಟ್ಟು ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡದೆ ಯಾವ ಪೌಚನ್ನೂ ನಂಬಬೇಡಿ. ಇನ್ನೊಂದು ಎಚ್ಚರ: ಪ್ರವಾಸದಲ್ಲಿ ಫೋನ್ ಅಂದರೆ ಟಿಕೆಟ್, ಹಣ, ಮನೆಯವರ ನಂಬರ್, ದಾರಿ ತೋರುವ ನಕಾಶೆ. ಅದನ್ನೇ ಕಾಳಿ ನದಿಗೆ ಒಡ್ಡುವುದು ವಿವೇಕವಲ್ಲ.

ಮೀಟರ್ ಲೆಕ್ಕದ ಒಳಗುಟ್ಟು

ಆಳದ ಅಂಕಿ ನಿಜಕ್ಕೂ ಕೆಲಸಕ್ಕೆ ಬರುವ ಇನ್ನೊಂದು ಸಂದರ್ಭವಿದೆ, ಅದು ವೇಗ. ನೀರಿಗೆ ಬಡಿದಾಗ ಕ್ಯಾಮೆರಾ ಮೇಲೆ ಬೀಳುವ ಒತ್ತಡ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ನೀರಿಗೆ ಬಿದ್ದರೆ ಸುಮಾರು 5 ಮೀಟರ್ ಆಳದ ಒತ್ತಡ. ವೇಗ ದುಪ್ಪಟ್ಟಾಗಿ 72 ಆದರೆ ಒತ್ತಡ ನಾಲ್ಕು ಪಟ್ಟು, 20 ಮೀಟರಿನಷ್ಟು. ಬಂಡೆ ಮೇಲಿಂದ ಹಾರುವವರಿಗೆ ಲೆಕ್ಕ ಇನ್ನೂ ಸುಲಭ: ಎಷ್ಟು ಎತ್ತರದಿಂದ ಹಾರುತ್ತೀರೋ ಹೆಚ್ಚುಕಡಿಮೆ ಅಷ್ಟೇ ಆಳದ ಒತ್ತಡ, ಬಡಿದ ಕ್ಷಣದಲ್ಲಿ ಅದಕ್ಕಿಂತಲೂ ಹೆಚ್ಚು. ರಾಪಿಡ್‌ನ ಹರಿವು ಇಷ್ಟು ವೇಗದ್ದಲ್ಲ, ಹಾಗಾಗಿ ರಾಫ್ಟಿಂಗಿಗೆ 10 ಮೀಟರಿನ ಕ್ಯಾಮೆರಾ ನಿಶ್ಚಿಂತೆಯಿಂದ ಒಯ್ಯಬಹುದು. ಜೆಟ್‌ಸ್ಕೀ ಪ್ರಿಯರು ಮಾತ್ರ 20 ಮೀಟರಿನದ್ದನ್ನೇ ನೋಡಲಿ, ಇಲ್ಲವೇ ಕವಚ ಹಾಕಲಿ.

ಈ ಎಲ್ಲ ಅಂಕಿಗಳೂ ಹೊಸ ರಬ್ಬರ್ ರಿಂಗ್ ಇರುವ ಕ್ಯಾಮೆರಾದ್ದು. ಬ್ಯಾಟರಿ ಬಾಗಿಲಿನ ಒಳಅಂಚಿನಲ್ಲಿ ದಾರದಷ್ಟು ತೆಳ್ಳಗೆ ಕೂತಿರುವ ಆ ರಿಂಗೇ ನಿಮ್ಮ ಸಾವಿರಾರು ರೂಪಾಯಿ ಕಾಯುವುದು. ಒಂದು ಕೂದಲೆಳೆ ಅಡ್ಡ ಬಿದ್ದಿದ್ದರೂ ನೀರಿಗೆ ದಾರಿ ಸಿಕ್ಕಂತೆ. ಹೊರಡುವ ಹಿಂದಿನ ರಾತ್ರಿ, ಫ್ಯಾನ್ ಆರಿಸಿ, ದೀಪದ ಕೆಳಗೆ ಬಾಗಿಲು ತೆರೆದು, ನೂಲು ಬಿಡದ ಬಟ್ಟೆಯಿಂದ ರಿಂಗನ್ನೂ ಅದು ಒತ್ತುವ ಅಂಚನ್ನೂ ಸುತ್ತ ಒರೆಸಿ. ಬೆರಳ ತುದಿಯನ್ನು ನಿಧಾನ ಆಡಿಸಿದರೆ ಮರಳಿನ ಕಣ ತಿಳಿಯುತ್ತದೆ. ಕಾರ್ಡ್, ಬ್ಯಾಟರಿ ಅಲ್ಲೇ ಹಾಕಿ ಮುಚ್ಚಿ. ಬೀಚಿನ ಗಾಳಿಯಲ್ಲಿ ಮತ್ತೆ ತೆರೆಯುವ ಪ್ರಮೇಯ ಬರಬಾರದು. ನೀರಿಗಿಳಿದ ಕೂಡಲೇ ಒಂದು ಅಡಿ ಆಳದಲ್ಲಿ ಹಿಡಿದು ನೋಡಿ. ಒಂದೆರಡು ಗುಳ್ಳೆ ಮೈಮೇಲಿಂದ ಬಿಡುವುದು ಸಹಜ. ಒಂದೇ ಜಾಗದಿಂದ ಸಾಲಾಗಿ ಗುಳ್ಳೆ ಬಂದರೆ ತಕ್ಷಣ ಮೇಲೆತ್ತಿ.

ಬಿಸಿಲಲ್ಲಿ ನಿಂತ ಕಾರಿನಲ್ಲಿ ಕಾದ ಕ್ಯಾಮೆರಾವನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ತೇವ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ. ಕವಚದೊಳಗೆ ತೇವ ಹೀರುವ ಪಟ್ಟಿ ಇಡಿ. ಸಮುದ್ರದಿಂದ ಬಂದ ಮೇಲೆ ಬಾಗಿಲು ಮುಚ್ಚಿಕೊಂಡೇ ಅರ್ಧ ಗಂಟೆ ಸಿಹಿನೀರಿನಲ್ಲಿ ನೆನೆಸಿ, ಗುಂಡಿಗಳನ್ನು ನೀರಿನೊಳಗೇ ಒತ್ತಿ ಬಿಡಿ. ಒಣಗಿದ ಉಪ್ಪು ಹರಳಾಗಿ ರಬ್ಬರನ್ನು ಕೊಯ್ಯುತ್ತದೆ. ಆಮೇಲೆ ನೆರಳಿನಲ್ಲಿ ಒಣಗಿಸಿ.

ತೇಲುವ ಪಟ್ಟಿ ಮರೆಯಬೇಡಿ. ಇಲ್ಲಿ ಹೇಳಿದ ಯಾವ ಕ್ಯಾಮೆರಾವೂ ತಾನಾಗಿ ತೇಲುವುದಿಲ್ಲ. ಪಟ್ಟಿ ಎಷ್ಟು ಗ್ರಾಂ ತೇಲಿಸುತ್ತದೆ ಅಂತ ಅದರ ಮೇಲೆ ಬರೆದಿರುತ್ತದೆ, ಕವಚ ಸಮೇತ ತೂಗಿ ನೋಡಿ. ಬಣ್ಣ ಕಿತ್ತಳೆಯೋ ಹಳದಿಯೋ ಇರಲಿ. ಕಪ್ಪು ಪಟ್ಟಿ ನೊರೆಯ ನಡುವೆ ಕಣ್ಣಿಗೇ ಬೀಳುವುದಿಲ್ಲ.

ಕೊಳ್ಳುವುದೋ, ಬಾಡಿಗೆಯೋ

ವರ್ಷಕ್ಕೊಂದು ಪ್ರವಾಸವಾದರೆ ಬಾಡಿಗೆಯೇ ಲೇಸು. ಬೆಂಗಳೂರಿನಲ್ಲಿ ಆ್ಯಕ್ಷನ್ ಕ್ಯಾಮೆರಾ ದಿನದ ಲೆಕ್ಕದಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಹತ್ತಾರು ಕೈ ದಾಟಿದ ರಬ್ಬರ್ ರಿಂಗ್ ಅದು. ಅಂಗಡಿಯಲ್ಲೇ ಬಾಗಿಲು ತೆರೆಸಿ ಬಿರುಕಿದೆಯೇ ನೋಡಿ, ನೀರು ಹೊಕ್ಕರೆ ಹೊಣೆ ಯಾರದ್ದು ಅಂತ ಕಾಗದದಲ್ಲಿ ಬರೆಸಿಕೊಳ್ಳಿ, ಕವಚ ಕೊಟ್ಟರೆ ರಾಫ್ಟಿಂಗಿಗೂ ಹಾಕಿಕೊಂಡೇ ಹೋಗಿ.

ಹಳೆಯದು ಕೊಳ್ಳುವ ಆಸೆಯೂ ಬರುತ್ತದೆ. 2017ರ ನಿಕಾನ್ ಕೂಲ್‌ಪಿಕ್ಸ್ ಡಬ್ಲ್ಯು300ರ 30 ಮೀಟರ್ ಆಳ ಇವತ್ತಿಗೂ ಬೆರಗು ಹುಟ್ಟಿಸುವಂಥದ್ದು, ಸೆಕೆಂಡ್ ಹ್ಯಾಂಡಿನಲ್ಲಿ ಆಗಾಗ ಕಾಣಸಿಗುತ್ತದೆ. ಆದರೆ ಅಷ್ಟು ವರ್ಷದ ರಬ್ಬರ್ ಆ 30 ಮೀಟರನ್ನು ಈಗಲೂ ತಡೆಯುತ್ತದೆ ಅನ್ನುವ ಭರವಸೆ ಯಾರೂ ಕೊಡಲಾರರು. ಬ್ಯಾಟರಿ ಗೂಡಿನ ತಾಮ್ರದ ಬಿಂದುಗಳ ಮೇಲೆ ಹಸಿರು ಕಿಲುಬು ಕಂಡರೆ ಒಮ್ಮೆ ನೀರು ಕುಡಿದ ಕ್ಯಾಮೆರಾ ಅಂತಲೇ ಅರ್ಥ. ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ.